ಎಲ್‌ಡಿಎಲ್ 100 ಯಾರಿಗೆ, 55 ಯಾರಿಗೆ? ಹಿರಿಯರ ಕೊಲೆಸ್ಟ್ರಾಲ್ ವರದಿಯನ್ನು ಕಿಡ್ನಿ ವರದಿಯ ಪಕ್ಕದಲ್ಲಿಟ್ಟು ಓದಬೇಕಾದ ಕಾರಣ

2025ರ ಜೂನ್ ಮತ್ತು ಜುಲೈನಲ್ಲಿ ನಮ್ಮ ಕೊಡಗಿನ ಪಕ್ಕದ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವಿನ ಸುದ್ದಿಗಳು ಒಂದರ ಹಿಂದೊಂದು ಬಂದವು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದರು. ಆರು ತಿಂಗಳು ಕಳೆಯುವಷ್ಟರಲ್ಲಿ, 2026ರ ಜನವರಿಯಲ್ಲಿ, ಅಮೆರಿಕ ತನ್ನ ಹೊಸ ಆಹಾರ ಮಾರ್ಗಸೂಚಿಯನ್ನು ಹೊರಡಿಸಿತು. ಮಾಂಸ, ಕೆನೆ ತೆಗೆಯದ ಹಾಲು, ಬೆಣ್ಣೆಗೆ ಅದರಲ್ಲಿ ಮುಂಚಿಗಿಂತ ಹೆಚ್ಚಿನ ಮರ್ಯಾದೆ ಸಿಕ್ಕಿತ್ತು. 'ಕೊಬ್ಬಿನ ತಪ್ಪೇನೂ ಇಲ್ಲವಂತೆ' ಎಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ಸ್ಯಾಚುರೇಟೆಡ್ ಕೊಬ್ಬು (ಬೆಣ್ಣೆ, ಹಂದಿಕೊಬ್ಬಿನಂತೆ ತಣಿದಾಗ ಗಟ್ಟಿಯಾಗುವ ಬಗೆಯದು) ದಿನದ ಕ್ಯಾಲರಿಯ ಶೇ. 10 ಮೀರಬಾರದು ಎಂಬ ಹಳೆಯ ಮಿತಿ ಅದೇ ಮಾರ್ಗಸೂಚಿಯಲ್ಲಿ ಹಾಗೇ ಉಳಿದಿದೆ. ಆ ಸಾಲು ಮಾತ್ರ ಅಷ್ಟು ದೂರ ಹರಿಯಲಿಲ್ಲ.

ಇವೆರಡರ ನಡುವೆ ಸಿಕ್ಕಿಕೊಂಡಿರುವವರು ಮನೆಯ ಹಿರಿಯರು. ಲ್ಯಾಬಿನ ವರದಿಯಲ್ಲಿ 'ಕೆಟ್ಟ ಕೊಲೆಸ್ಟ್ರಾಲ್' ಎನಿಸಿದ ಎಲ್‌ಡಿಎಲ್ 96 ಎಂದಿರುತ್ತದೆ, ಪಕ್ಕದಲ್ಲಿ '100ಕ್ಕಿಂತ ಕಡಿಮೆ ಇದ್ದರೆ ಉತ್ತಮ' ಎಂದು ಅಚ್ಚಾಗಿರುತ್ತದೆ. ಆದರೂ ಡಾಕ್ಟರು ಮಾತ್ರೆಯ ಪ್ರಮಾಣ ಹೆಚ್ಚಿಸುತ್ತಾರೆ. ಪಕ್ಕದ ತೋಟದವರ ಎಲ್‌ಡಿಎಲ್ 99 ಇದ್ದರೂ ಅವರಿಗೆ ಮಾತ್ರೆಯೇ ಇಲ್ಲ. ಇಬ್ಬರು ಡಾಕ್ಟರುಗಳಲ್ಲಿ ಒಬ್ಬರು ತಪ್ಪಿರಬೇಕು ಎಂದು ಮನೆಯವರಿಗೆ ಅನ್ನಿಸುವುದು ಸಹಜ. ಇಬ್ಬರೂ ಸರಿಯಿರುವ ಸಾಧ್ಯತೆಯೇ ಹೆಚ್ಚು. ಹೇಗೆ ಎಂಬುದು ಕೊಲೆಸ್ಟ್ರಾಲ್ ವರದಿಯ ಹಾಳೆಯಲ್ಲಿ ಸಿಗುವುದಿಲ್ಲ, ಬಹುಪಾಲು ಕಿಡ್ನಿಯ ಹಾಳೆಯಲ್ಲಿ ಸಿಗುತ್ತದೆ.

ಸಂಖ್ಯೆ ಒಂದೇ, ಗುರಿ ಮೂರು

ಭಾರತದ ಹೃದ್ರೋಗ ತಜ್ಞರ ಸಂಘ 2024ರ ಜುಲೈನಲ್ಲಿ ನಮ್ಮ ದೇಶದವರಿಗೆಂದೇ ಕೊಲೆಸ್ಟ್ರಾಲ್ ಮಾರ್ಗಸೂಚಿ ಹೊರಡಿಸಿತು. ಹೆಚ್ಚಿನ ಅಪಾಯವಿಲ್ಲದವರ ಎಲ್‌ಡಿಎಲ್ ಡೆಸಿಲೀಟರಿಗೆ 100 ಮಿಲಿಗ್ರಾಂ ಒಳಗಿದ್ದರೆ ಸಾಕು. ಸಕ್ಕರೆ ಕಾಯಿಲೆ, ಬಿಪಿ ಮುಂತಾದವು ಇದ್ದು ಅಪಾಯ ಹೆಚ್ಚಿರುವವರಿಗೆ ಗುರಿ 70ರ ಒಳಗೆ. ಒಮ್ಮೆ ಹೃದಯಾಘಾತ, ಆಂಜೈನಾ (ಹೃದಯಕ್ಕೆ ರಕ್ತ ಸಾಲದೆ ಬರುವ ಎದೆನೋವು) ಅಥವಾ ಪಾರ್ಶ್ವವಾಯು ಆದವರಿಗೆ, ದೀರ್ಘಕಾಲದ ಕಿಡ್ನಿ ಕಾಯಿಲೆ ಇರುವವರಿಗೆ ಗುರಿ 55ರ ಒಳಗೆ.

ಆ ಕೊನೆಯ ಗುಂಪನ್ನು ಇನ್ನೊಮ್ಮೆ ನೋಡಿ. ಹೃದಯಾಘಾತ ಆದವರ ಸಾಲಿನಲ್ಲೇ ಕಿಡ್ನಿ ಕಾಯಿಲೆಯವರೂ ಕುಳಿತಿದ್ದಾರೆ, ಅವರ ಹೃದಯಕ್ಕೆ ಇನ್ನೂ ಏನೂ ಆಗಿಲ್ಲದಿದ್ದರೂ. ಲ್ಯಾಬಿನವರು ಎಲ್ಲರ ವರದಿಯಲ್ಲೂ ಒಂದೇ ಮಿತಿ ಅಚ್ಚು ಹಾಕುತ್ತಾರೆ, ಏಕೆಂದರೆ ವರದಿ ಯಾರದು ಎಂಬ ವೈದ್ಯಕೀಯ ಚರಿತ್ರೆ ಯಂತ್ರಕ್ಕೆ ಗೊತ್ತಿಲ್ಲ. ಹಾಗಾಗಿ ವರದಿಯ ಬಲಬದಿಯ 'ನಾರ್ಮಲ್' ಕಾಲಂ ಹಿರಿಯರ ಮಟ್ಟಿಗೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ.

ಇದೇ ಮಾರ್ಗಸೂಚಿ ಹೇಳುವ ಇನ್ನೆರಡು ಸಂಗತಿಗಳು ಹಿರಿಯರಿಗೆ ನೇರವಾಗಿ ಅನ್ವಯಿಸುತ್ತವೆ. ಒಂದು, ಕೊಲೆಸ್ಟ್ರಾಲ್ ಪರೀಕ್ಷೆಗೆ ಖಾಲಿ ಹೊಟ್ಟೆ ಕಡ್ಡಾಯವಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವ 75ರ ಹಿರಿಯರನ್ನು ಬೆಳಗಿನ ಬಸ್ಸಿನಲ್ಲಿ ಹಸಿದ ಹೊಟ್ಟೆಯಲ್ಲಿ ಮಡಿಕೇರಿಗೋ ವಿರಾಜಪೇಟೆಗೋ ಕರೆದೊಯ್ಯುವುದು ಸಕ್ಕರೆ ತೀರಾ ಇಳಿಯುವ ಅಪಾಯಕ್ಕೆ ದಾರಿ. ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು) 400 ದಾಟಿದ್ದರೆ ಮಾತ್ರ ಖಾಲಿ ಹೊಟ್ಟೆಯಲ್ಲಿ ಮತ್ತೊಮ್ಮೆ ಮಾಡಿಸಿದರಾಯಿತು. ಇನ್ನೊಂದು, ಎಲ್‌ಡಿಎಲ್ ಜೊತೆಗೆ ನಾನ್-ಎಚ್‌ಡಿಎಲ್ ನೋಡುವುದು. ಒಟ್ಟು ಕೊಲೆಸ್ಟ್ರಾಲಿನಿಂದ 'ಒಳ್ಳೆಯ ಕೊಲೆಸ್ಟ್ರಾಲ್' ಎನಿಸಿದ ಎಚ್‌ಡಿಎಲ್ ಕಳೆದರೆ ಅದು ಸಿಗುತ್ತದೆ. ಒಟ್ಟು 210, ಎಚ್‌ಡಿಎಲ್ 38 ಇದ್ದರೆ ನಾನ್-ಎಚ್‌ಡಿಎಲ್ 172. ಇದರ ಗುರಿ ಎಲ್‌ಡಿಎಲ್ ಗುರಿಗಿಂತ 30 ಹೆಚ್ಚು: 130, 100, 85.

ಈ ಎರಡನೆಯ ಲೆಕ್ಕ ಏಕೆ ಬೇಕು? ಅನೇಕ ಲ್ಯಾಬುಗಳು ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವುದಿಲ್ಲ. ಒಟ್ಟಿನಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆದು ಬರೆಯುತ್ತವೆ. ಮೇಲಿನ ಉದಾಹರಣೆಯಲ್ಲಿ ಟ್ರೈಗ್ಲಿಸರೈಡ್ 240 ಎಂದಿಟ್ಟುಕೊಂಡರೆ 48 ಕಳೆಯಬೇಕು, ಎಲ್‌ಡಿಎಲ್ 124 ಆಗುತ್ತದೆ. ಟ್ರೈಗ್ಲಿಸರೈಡ್ ಏರಿದಷ್ಟೂ ಲೆಕ್ಕದ ಎಲ್‌ಡಿಎಲ್ ಇಳಿದಂತೆ ಕಾಣುತ್ತದೆ. ರಕ್ತನಾಳಕ್ಕೆ ಮೆತ್ತಿಕೊಳ್ಳುವ ಕಣಗಳು ಇಳಿದಿರುವುದಿಲ್ಲ. ನಾನ್-ಎಚ್‌ಡಿಎಲ್ ಅವನ್ನೆಲ್ಲ ಸೇರಿಸಿ ಎಣಿಸುತ್ತದೆ.

ಕಿಡ್ನಿ ನಡುವೆ ಬರುವುದು ಹೇಗೆ

ರಕ್ತದಲ್ಲಿರುವ ಕೊಲೆಸ್ಟ್ರಾಲಿನ ಹೆಚ್ಚಿನ ಪಾಲನ್ನು ನಮ್ಮ ದೇಹವೇ ತಯಾರಿಸುತ್ತದೆ, ತಟ್ಟೆಯಿಂದ ಬರುವುದು ಕಡಿಮೆ. ಎಲ್‌ಡಿಎಲ್ ಕಣಗಳನ್ನು ರಕ್ತದಿಂದ ಹಿಡಿದು ಒಳಗೆಳೆದುಕೊಳ್ಳುವ ಕೊಕ್ಕೆಗಳೂ ಮುಖ್ಯವಾಗಿ ಯಕೃತ್ತಿನ ಮೇಲೇ ಇವೆ. ಸ್ಯಾಚುರೇಟೆಡ್ ಕೊಬ್ಬು ಹೆಚ್ಚು ತಿಂದಾಗ ಆ ಕೊಕ್ಕೆಗಳು ಕಡಿಮೆಯಾಗುತ್ತವೆ, ಕಣಗಳು ರಕ್ತದಲ್ಲೇ ಉಳಿಯುತ್ತವೆ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಯಕೃತ್ತಿನ ಉತ್ಪಾದನೆಯನ್ನು ಕುಗ್ಗಿಸಿ ಅದೇ ಕೊಕ್ಕೆಗಳನ್ನು ಹೆಚ್ಚಿಸುತ್ತದೆ. ಇಲ್ಲಿಯವರೆಗೆ ಕಥೆ ಯಕೃತ್ತಿನದು.

ಕಿಡ್ನಿಯ ಶೋಧಕಗಳೆಂದರೆ ಅತಿ ಸಣ್ಣ ರಕ್ತನಾಳಗಳ ಉಂಡೆಗಳು. ಬಿಪಿ, ಸಕ್ಕರೆ ಹೃದಯದ ನಾಳಗಳಿಗೆ ಮಾಡುವ ಹಾನಿಯನ್ನೇ ಇವಕ್ಕೂ ಮಾಡುತ್ತವೆ. ಅಷ್ಟಕ್ಕೇ ನಿಲ್ಲದೆ ಹಾನಿ ಹಿಂದಕ್ಕೂ ತಿರುಗುತ್ತದೆ. ಕಿಡ್ನಿಯ ಸೋಸುವ ಶಕ್ತಿ ಕುಂದಿದಾಗ ಟ್ರೈಗ್ಲಿಸರೈಡನ್ನು ಒಡೆಯುವ ಕಿಣ್ವ ನಿಧಾನವಾಗುತ್ತದೆ, ಟ್ರೈಗ್ಲಿಸರೈಡ್ ಏರುತ್ತದೆ, ಎಚ್‌ಡಿಎಲ್ ಇಳಿಯುತ್ತದೆ. ಎಲ್‌ಡಿಎಲ್ ಅಂಕಿ ಏರದೆಯೇ ಅದರ ಕಣಗಳು ಸಣ್ಣವೂ ಗಟ್ಟಿಯೂ ಆಗಿ ನಾಳದ ಗೋಡೆಯೊಳಗೆ ಸುಲಭವಾಗಿ ನುಸುಳುತ್ತವೆ. ರಂಜಕದ ಸಮತೋಲ ತಪ್ಪಿ ನಾಳದ ಗೋಡೆಯಲ್ಲಿ ಸುಣ್ಣ ಕೂರುತ್ತದೆ. ಕಿಡ್ನಿ ರೋಗಿಗಳಲ್ಲಿ ಬಹಳಷ್ಟು ಮಂದಿ ಡಯಾಲಿಸಿಸ್ ಹಂತ ತಲುಪುವ ಮೊದಲೇ ಹೃದಯದ ಕಾಯಿಲೆಯಿಂದ ಸಾಯುವುದು ಇದೇ ಕಾರಣಕ್ಕೆ. ಮೂತ್ರದಲ್ಲಿ ಪ್ರೋಟೀನ್ ವಿಪರೀತ ಸೋರುವವರಲ್ಲಿ ಇನ್ನೊಂದು ತೆರನಾಗುತ್ತದೆ: ಕಳೆದುಹೋದ ಪ್ರೋಟೀನನ್ನು ತುಂಬಲು ಯಕೃತ್ತು ದುಡಿಯುವಾಗ ಕೊಬ್ಬು ಸಾಗಿಸುವ ಕಣಗಳೂ ಹೆಚ್ಚು ತಯಾರಾಗಿ ಎಲ್‌ಡಿಎಲ್ ಹಠಾತ್ತನೆ ಮೇಲಕ್ಕೇರುತ್ತದೆ. ಇದ್ದಕ್ಕಿದ್ದಂತೆ ಕೊಲೆಸ್ಟ್ರಾಲ್ 300 ದಾಟಿ, ಬೆಳಗ್ಗೆ ಮುಖ, ಸಂಜೆ ಪಾದ ಊದುತ್ತಿದ್ದರೆ ಅದನ್ನು ಊಟದ ದೋಷವೆಂದು ತಿಳಿಯದೆ ಮೊದಲು ಮೂತ್ರ ಪರೀಕ್ಷೆ ಮಾಡಿಸಬೇಕು. ಥೈರಾಯ್ಡ್ ಕುಗ್ಗಿದಾಗಲೂ ಎಲ್‌ಡಿಎಲ್ ಏರುತ್ತದೆ. ಹಿರಿಯ ಹೆಂಗಸರಲ್ಲಿ ಥೈರಾಯ್ಡ್ ರಕ್ತಪರೀಕ್ಷೆಯಾದ ಟಿಎಸ್‌ಎಚ್ ನೋಡದೆ ಸ್ಟ್ಯಾಟಿನ್ ಶುರು ಮಾಡಬಾರದು. ಥೈರಾಯ್ಡ್ ಕೊರತೆಯಿದ್ದವರಿಗೆ ಸ್ಟ್ಯಾಟಿನ್‌ನಿಂದ ಸ್ನಾಯು ನೋವು ಬರುವ ಸಂಭವವೂ ಹೆಚ್ಚು.

ಮೂರನೆಯ ಎಳೆ ಸೊಂಟದ ಸುತ್ತಳತೆ. ಭಾರತೀಯರಲ್ಲಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಹೊಟ್ಟೆಯೊಳಗೆ ಕೊಬ್ಬು ತುಂಬಿದೆ ಎಂದರ್ಥ. ಆ ಕೊಬ್ಬು ಇನ್ಸುಲಿನ್ನಿನ ಮಾತು ನಡೆಯದಂತೆ ಮಾಡುತ್ತದೆ, ಯಕೃತ್ತಿಗೆ ಕೊಬ್ಬು ಸೇರುತ್ತದೆ, ಟ್ರೈಗ್ಲಿಸರೈಡ್ ಏರುತ್ತದೆ. ಅಮೆರಿಕದ ಹೃದಯ ಸಂಘ 2023ರಲ್ಲಿ ಈ ಮೂರನ್ನೂ ಒಂದೇ ಕಾಯಿಲೆಯ ಮೂರು ಮುಖವೆಂದು ಗುರುತಿಸಿ 'ಹೃದಯ-ಕಿಡ್ನಿ-ಚಯಾಪಚಯ ಸಿಂಡ್ರೋಮ್' ಎಂದು ಹೆಸರಿಟ್ಟಿತು, ಸೊನ್ನೆಯಿಂದ ನಾಲ್ಕರವರೆಗೆ ಹಂತಗಳನ್ನೂ ಗುರುತಿಸಿತು. ಹೆಸರು ಹೊಸದು, ಆದರೆ ಚಿಕಿತ್ಸೆಯ ದೃಷ್ಟಿಯಿಂದ ಇದು ದೊಡ್ಡ ತಿರುವು. ಹೃದಯಕ್ಕೊಬ್ಬರು, ಕಿಡ್ನಿಗೊಬ್ಬರು, ಸಕ್ಕರೆಗೊಬ್ಬರು ಎಂದು ಮೂರು ಚೀಟಿ ಬರೆಸಿಕೊಂಡು ಬರುವ ಹಿರಿಯರ ಮೂರೂ ಚೀಟಿಯನ್ನು ಒಬ್ಬರು ಒಟ್ಟಿಗೆ ಓದಲೇಬೇಕು ಎಂಬುದು ಅದರ ತಾತ್ಪರ್ಯ.

'ಕ್ರಿಯಾಟಿನಿನ್ ನಾರ್ಮಲ್' ಎಂಬ ನೆಮ್ಮದಿ

ಕ್ರಿಯಾಟಿನಿನ್ ಸ್ನಾಯುಗಳಿಂದ ಬರುವ ಕಸ. ಸ್ನಾಯು ಕರಗಿರುವ ಹಿರಿಯರಲ್ಲಿ ಕಸ ಹುಟ್ಟುವುದೇ ಕಡಿಮೆ, ಆದ್ದರಿಂದ ಕಿಡ್ನಿ ಸೋತಿದ್ದರೂ ಅಂಕಿ ಚೆನ್ನಾಗಿಯೇ ಕಾಣುತ್ತದೆ. ಕ್ರಿಯಾಟಿನಿನ್ 1.1 ಇರುವ 35 ವರ್ಷದ ಗಂಡಸಿನ ಕಿಡ್ನಿ ನಿಮಿಷಕ್ಕೆ ಸುಮಾರು 90 ಮಿಲಿಲೀಟರ್ ಸೋಸುತ್ತದೆ. ಅದೇ 1.1 ಇರುವ 74 ವರ್ಷದ ಹೆಂಗಸಿನದು ಸುಮಾರು 53. ಅಂಕಿ ಒಂದೇ ಆದರೂ ಅವನು ಆರೋಗ್ಯವಂತ. ಆಕೆಯದು 60ರ ಕೆಳಗಿದೆ, ಮೂರು ತಿಂಗಳು ಬಿಟ್ಟು ಮಾಡಿದ ಪರೀಕ್ಷೆಯಲ್ಲೂ ಹಾಗೇ ಇದ್ದರೆ ಅದು ದೀರ್ಘಕಾಲದ ಕಿಡ್ನಿ ಕಾಯಿಲೆ. ಈ ಸೋಸುವ ವೇಗದ ಹೆಸರೇ ಇಜಿಎಫ್‌ಆರ್. ವರದಿಯಲ್ಲಿ ಅದಿಲ್ಲದಿದ್ದರೆ ವಯಸ್ಸು, ಲಿಂಗ, ಕ್ರಿಯಾಟಿನಿನ್ ಕೊಟ್ಟು ಲೆಕ್ಕ ಹಾಕಿ ಬರೆದುಕೊಡಿ ಎಂದು ಲ್ಯಾಬಿನವರನ್ನೇ ಕೇಳಬಹುದು.

ಇಷ್ಟೇ ಮುಖ್ಯವಾದದ್ದು ಮೂತ್ರದ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ (ಮೂತ್ರಕ್ಕೆ ಸೋರುವ ಪ್ರೋಟೀನಿನ ಅಳತೆ). ಗ್ರಾಮಿಗೆ 30 ಮಿಲಿಗ್ರಾಂ ದಾಟಿದರೆ, ಇಜಿಎಫ್‌ಆರ್ ಚೆನ್ನಾಗಿದ್ದರೂ ಕಿಡ್ನಿಯ ಶೋಧಕ ಸೋರುತ್ತಿದೆ ಎಂದರ್ಥ. ಸಕ್ಕರೆ ಕಾಯಿಲೆಯವರಲ್ಲಿ ಸಾಮಾನ್ಯವಾಗಿ ಮೊದಲು ಕಾಣುವ ಸುಳಿವು ಇದು, ಅತಿ ಹೆಚ್ಚು ಬಿಟ್ಟುಹೋಗುವ ಪರೀಕ್ಷೆಯೂ ಇದೇ.

ಈ ಎರಡೂ ಪರೀಕ್ಷೆ ತಪ್ಪು ಹೇಳುವ ಸಂದರ್ಭಗಳಿವೆ. ಬೇಯಿಸಿದ ಮಾಂಸದಲ್ಲಿ ಕ್ರಿಯಾಟಿನಿನ್ ಇರುತ್ತದೆ. ಮದುವೆಯಲ್ಲೋ ಸುಗ್ಗಿಹಬ್ಬ ಪುತ್ತರಿಯಲ್ಲೋ ಹೊಟ್ಟೆ ತುಂಬ ಪಂದಿಕರಿ (ಕೊಡಗಿನ ಹಂದಿಮಾಂಸದ ಸಾರು) ಉಂಡು ಕೆಲವೇ ಗಂಟೆಯಲ್ಲಿ ರಕ್ತ ಕೊಟ್ಟರೆ ಅಂಕಿ ಏರಿ ಕಿಡ್ನಿ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಹಿಂದಿನ ರಾತ್ರಿಯಿಂದ ಮಾಂಸ ಬಿಟ್ಟು 12 ಗಂಟೆ ಕಳೆದ ಮೇಲೆ ಕೊಡಿ. ಮೂತ್ರವನ್ನು ಬೆಳಗಿನ ಮೊದಲ ಸಲದ್ದನ್ನೇ ಹಿಡಿದಿಡಿ. ಜ್ವರ, ಮೂತ್ರದ ಸೋಂಕು, ತೋಟದಲ್ಲಿ ಮೈಮುರಿಯುವ ಕೆಲಸ ಮಾಡಿದ ಮರುದಿನ ಬೇಡ. ಕೊಲೆಸ್ಟ್ರಾಲಿಗೂ ಇಂಥದೇ ನಿಯಮ: ನ್ಯುಮೋನಿಯಾ, ಶಸ್ತ್ರಚಿಕಿತ್ಸೆ, ದೊಡ್ಡ ಜ್ವರದ ನಂತರ ಕೆಲವು ವಾರ ಎಲ್‌ಡಿಎಲ್ ತಾನಾಗಿ ಇಳಿದಿರುತ್ತದೆ. ಅದನ್ನು ನೋಡಿ ಮಾತ್ರೆ ನಿಲ್ಲಿಸಿದವರಿದ್ದಾರೆ. ಅದು ತಪ್ಪು.

75 ದಾಟಿದ ಮೇಲೆ ಮಾತ್ರೆ ಬೇಕೇ?

ತಜ್ಞರಲ್ಲಿ ನಿಜವಾದ ಭಿನ್ನಾಭಿಪ್ರಾಯ ಇರುವುದು ಇಲ್ಲಿ. ಹೃದಯ ತಜ್ಞರ ವಾದ ನೇರವಾಗಿದೆ: ಎಲ್‌ಡಿಎಲ್ ಎಷ್ಟು ಕೆಳಗೆ, ಎಷ್ಟು ಕಾಲ ಇರುತ್ತದೋ ಅಷ್ಟು ಒಳ್ಳೆಯದು. ವೃದ್ಧರ ಆರೈಕೆಯ ತಜ್ಞರು ಕೇಳುವುದು ಬೇರೆ: ಈಗಾಗಲೇ ಎಂಟು ಮಾತ್ರೆ ನುಂಗುವ, ಬೀಳುವ ಭಯವಿರುವ 82ರ ವ್ಯಕ್ತಿಗೆ ಒಂಬತ್ತನೆಯದು ಏನು ಕೊಡುತ್ತದೆ?

ಸಾಕ್ಷ್ಯ ಎರಡು ಪಾಲಾಗಿದೆ. 28 ಪ್ರಯೋಗಗಳ 1,86,854 ಮಂದಿಯ ಮಾಹಿತಿಯನ್ನು ಒಟ್ಟುಗೂಡಿಸಿ 2019ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ 75 ದಾಟಿದವರು 14,483 ಮಂದಿ, ಅಂದರೆ ಶೇ. 8 ಮಾತ್ರ. ಆಗಲೇ ಹೃದಯ ಅಥವಾ ಮಿದುಳಿನ ನಾಳದ ಕಾಯಿಲೆ ಇದ್ದ ಹಿರಿಯರಿಗೆ ಸ್ಟ್ಯಾಟಿನ್‌ನಿಂದ ಲಾಭ ಸ್ಪಷ್ಟವಾಗಿತ್ತು. ಕಾಯಿಲೆಯೇ ಇಲ್ಲದ, 75 ದಾಟಿದವರಿಗೆ ಲಾಭ ಅಷ್ಟು ಸ್ಪಷ್ಟವಾಗಿರಲಿಲ್ಲ. ಈ ಕೊರತೆ ತುಂಬಲೆಂದೇ ಆಸ್ಟ್ರೇಲಿಯಾ ಮತ್ತು ಅಮೆರಿಕದಲ್ಲಿ ಹಿರಿಯರಿಗೆ ಅಟೊರ್ವಾಸ್ಟಾಟಿನ್ ಎಂಬ ಸ್ಟ್ಯಾಟಿನ್ 40 ಮಿಲಿಗ್ರಾಂ ಕೊಟ್ಟು ನೋಡುವ ಎರಡು ದೊಡ್ಡ ಪ್ರಯೋಗಗಳನ್ನು ಆರಂಭಿಸಲಾಯಿತು.

ಲಾಭಕ್ಕೆ ಕಾಲವೂ ಬೇಕು. 50ರಿಂದ 75ರ ವಯಸ್ಸಿನವರಲ್ಲಿ, ನೂರು ಮಂದಿಗೆ ಮಾತ್ರೆ ಕೊಟ್ಟು ಒಂದು ಹೃದಯಾಘಾತವನ್ನೋ ಪಾರ್ಶ್ವವಾಯುವನ್ನೋ ತಪ್ಪಿಸಲು ಸುಮಾರು ಎರಡೂವರೆ ವರ್ಷ ಹಿಡಿಯುತ್ತದೆ ಎಂದು 2021ರ ಲೆಕ್ಕ ಹೇಳುತ್ತದೆ. ಕ್ಯಾನ್ಸರಿನ ಕೊನೆಯ ಹಂತದಲ್ಲಿರುವವರಿಗೆ ಈ ಮಾತ್ರೆ ಬೇಡ ಎಂಬುದು ಇದರಿಂದ ಬರುವ ತೀರ್ಮಾನ. ದಿನಾ ಗದ್ದೆ ಬದುವಿನಲ್ಲಿ ನಡೆಯುವ 78ರವರಿಗೆ ವಯಸ್ಸೊಂದನ್ನೇ ನೋಡಿ ಬೇಡವೆನ್ನುವುದು ಅನ್ಯಾಯ.

ಮೂರನೆಯ ವಾದವೂ ಇದೆ: 'ವಯಸ್ಸಾದವರಲ್ಲಿ ಕೊಲೆಸ್ಟ್ರಾಲ್ ಹೆಚ್ಚಿದ್ದವರೇ ಹೆಚ್ಚು ಕಾಲ ಬದುಕುತ್ತಾರೆ.' 2016ರಲ್ಲಿ ಪ್ರಕಟವಾದ ಒಂದು ಅವಲೋಕನದಿಂದ ಈ ಮಾತು ಹರಡಿತು. ಅಂಕಿಗಳು ಸುಳ್ಳಲ್ಲ, ಅವುಗಳಿಂದ ತೆಗೆದ ಅರ್ಥ ತಪ್ಪು. ಕ್ಯಾನ್ಸರ್, ಕ್ಷಯ, ಯಕೃತ್ತಿನ ಕಾಯಿಲೆ, ಅಪೌಷ್ಟಿಕತೆ ಕೊಲೆಸ್ಟ್ರಾಲನ್ನು ಇಳಿಸುತ್ತವೆ, ಆಯುಸ್ಸನ್ನೂ ಇಳಿಸುತ್ತವೆ. ಕೊಲೆಸ್ಟ್ರಾಲ್ ಕಡಿಮೆಯಾದುದಕ್ಕೆ ಅವರು ಸಾಯಲಿಲ್ಲ. ಒಳಗಿನ ಕಾಯಿಲೆ ಎರಡನ್ನೂ ಮಾಡಿತು. ಇದರಿಂದ ಕಲಿಯಬೇಕಾದ ಪಾಠವೊಂದಿದೆ: ಮಾತ್ರೆ ಬದಲಾಗದೆ, ಪಥ್ಯ ಮಾಡದೆ ಹಿರಿಯರ ಕೊಲೆಸ್ಟ್ರಾಲೂ ತೂಕವೂ ಒಟ್ಟಿಗೆ ಇಳಿದರೆ ಸಂತೋಷಪಡದೆ ಕಾರಣ ಹುಡುಕಬೇಕು.

ನನ್ನ ಅಭಿಪ್ರಾಯ ಹೀಗಿದೆ. ಹೃದಯಾಘಾತ, ಸ್ಟೆಂಟ್, ಪಾರ್ಶ್ವವಾಯು ಆಗಿದ್ದರೆ ವಯಸ್ಸು ಎಷ್ಟೇ ಇರಲಿ ಮುಂದುವರಿಸಬೇಕು. 50 ದಾಟಿ ಇಜಿಎಫ್‌ಆರ್ 60ರ ಕೆಳಗಿದ್ದು ಡಯಾಲಿಸಿಸ್ ಇಲ್ಲದವರಿಗೆ ಸ್ಟ್ಯಾಟಿನ್ ಅಥವಾ ಸ್ಟ್ಯಾಟಿನ್ ಜೊತೆ ಎಜೆಟಿಮೈಬ್ (ಕರುಳು ಕೊಲೆಸ್ಟ್ರಾಲ್ ಹೀರುವುದನ್ನು ತಡೆಯುವ ಮಾತ್ರೆ) ಕೊಡಬೇಕೆಂದು ಅಂತರರಾಷ್ಟ್ರೀಯ ಕಿಡ್ನಿ ಮಾರ್ಗಸೂಚಿ 2013ರಿಂದಲೂ ಹೇಳುತ್ತಿದೆ. ಅದರ ಹಿಂದಿರುವುದು 9,000ಕ್ಕೂ ಹೆಚ್ಚು ಕಿಡ್ನಿ ರೋಗಿಗಳ ಪ್ರಯೋಗ. 2011ರಲ್ಲಿ ಪ್ರಕಟವಾದ ಅದರಲ್ಲಿ ನಾಳ ಕಟ್ಟಿ ಬರುವ ಘಟನೆಗಳು ಶೇ. 17 ಕಡಿಮೆಯಾದವು. ಡಯಾಲಿಸಿಸ್ ಆರಂಭವಾದ ಮೇಲೆ ಹೊಸದಾಗಿ ಶುರು ಮಾಡಿದರೆ ಲಾಭ ಕಾಣಲಿಲ್ಲ, ಏಕೆಂದರೆ ಆ ಹಂತದಲ್ಲಿ ಸಾವು ಬರುವುದು ಹೆಚ್ಚಾಗಿ ಹೃದಯದ ಲಯ ತಪ್ಪಿ, ಹೃದಯ ಸೋತು. ಮೊದಲೇ ತೆಗೆದುಕೊಳ್ಳುತ್ತಿದ್ದವರು ಮುಂದುವರಿಸಬಹುದು. ಇದ್ಯಾವುದೂ ಇಲ್ಲದ 75 ದಾಟಿದವರ ವಿಷಯದಲ್ಲಿ ಮಾತ್ರ ನಿರ್ಧಾರ ಆ ಹಿರಿಯರದೇ. ಕೊಲೆಸ್ಟ್ರಾಲ್ 200 ದಾಟಿದೆ ಎಂಬುದೊಂದೇ ಅಲ್ಲಿ ಕಾರಣವಾಗಬಾರದು.

ಪಂದಿಕರಿ, ಕಾಚಂಪುಳಿ, ಬೆಲ್ಲದ ಕಾಫಿ

ಹಂದಿ ಕೊಬ್ಬು ಜಗತ್ತಿನ ಅತಿ ಪೌಷ್ಟಿಕ ಆಹಾರಗಳಲ್ಲಿ ಎಂಟನೆಯದು ಎಂಬ ಪಟ್ಟಿ 2018ರಿಂದ ಮತ್ತೆ ಮತ್ತೆ ಹರಿದಾಡುತ್ತಿದೆ. ಅದಕ್ಕೆ ಆಧಾರವಾದ 2015ರ ಸಂಶೋಧನೆ ಅಳೆದದ್ದು ಒಂದು ಹಸಿ ಆಹಾರ ಬೇರೆ ಆಹಾರಗಳೊಂದಿಗೆ ಸೇರಿ ದಿನದ ಪೋಷಕಾಂಶದ ಅಗತ್ಯವನ್ನು ಎಷ್ಟು ಚೆನ್ನಾಗಿ ತುಂಬುತ್ತದೆ ಎಂಬುದನ್ನು. ಹೃದಯಕ್ಕೆ ಒಳ್ಳೆಯದೇ ಎಂಬ ಪ್ರಶ್ನೆ ಅಲ್ಲಿರಲೇ ಇಲ್ಲ.

ಲೆಕ್ಕ ಹಾಕೋಣ. ದಿನಕ್ಕೆ 1,600 ಕ್ಯಾಲರಿ ತಿನ್ನುವ ಹಿರಿಯರಿಗೆ ಶೇ. 10ರ ಮಿತಿಯೆಂದರೆ ಸುಮಾರು 18 ಗ್ರಾಂ ಸ್ಯಾಚುರೇಟೆಡ್ ಕೊಬ್ಬು. ಕೊಬ್ಬು ಪದರವಿರುವ ಹೊಟ್ಟೆಭಾಗದ ಹಸಿ ಹಂದಿಮಾಂಸ 100 ಗ್ರಾಮಿನಲ್ಲಿ ಒಟ್ಟು ಕೊಬ್ಬು ಸುಮಾರು 53 ಗ್ರಾಂ, ಅದರಲ್ಲಿ ಸ್ಯಾಚುರೇಟೆಡ್ 19 ಗ್ರಾಂ. ಅಲ್ಲಿಗೆ ದಿನದ ಕೋಟಾ ಮುಗಿಯಿತು. ಕೊಬ್ಬು ಬಿಡಿಸಿದ ಸೊಂಟದ ಕಡೆಯ ಮಾಂಸದಲ್ಲಿ ಅದು 2 ಗ್ರಾಂ ಆಸುಪಾಸು. ಆದ್ದರಿಂದ ಹಿರಿಯರಿಗೆ ಕೇಳಬೇಕಾದ ಪ್ರಶ್ನೆ ಹಂದಿಯ ಯಾವ ಭಾಗ, ಎಷ್ಟು ಎಂಬುದು. ಪಂದಿಕರಿ ಮರುದಿನಕ್ಕೆ ಇನ್ನೂ ರುಚಿ ಎಂಬುದು ಇಲ್ಲಿ ಅನುಕೂಲವೇ: ಹಿಂದಿನ ದಿನ ಬೇಯಿಸಿ, ಆರಿದ ಮೇಲೆ ಫ್ರಿಜ್ಜಿನಲ್ಲಿಟ್ಟು, ಬೆಳಗ್ಗೆ ಮೇಲೆ ಬಿಳಿಯಾಗಿ ಗಟ್ಟಿಯಾದ ಪದರವನ್ನು ಚಮಚದಿಂದ ತೆಗೆದು, ಮತ್ತೆ ಚೆನ್ನಾಗಿ ಕುದಿಸಿ ಬಡಿಸಿ. ಮಸಾಲೆಯೂ ಕಾಚಂಪುಳಿಯೂ (ಪಣಪುಳಿ ಹಣ್ಣಿನ ಗಟ್ಟಿ ಹುಳಿರಸ) ಕರಿಯಲ್ಲೇ ಉಳಿಯುತ್ತವೆ. ತೆಂಗಿನೆಣ್ಣೆಯಲ್ಲಿ ಹುರಿಯುವ ಮನೆಗಳವರು ಗಮನಿಸಬೇಕು, ಒಂದು ದೊಡ್ಡ ಚಮಚದಲ್ಲೇ 11-12 ಗ್ರಾಂ ಸ್ಯಾಚುರೇಟೆಡ್ ಕೊಬ್ಬಿದೆ.

'ಕಾಚಂಪುಳಿ ಹಾಕಿದರೆ ಹಂದಿಯ ಕೊಬ್ಬು ಮೈಗೆ ಹತ್ತುವುದಿಲ್ಲ' ಎಂಬ ನಂಬಿಕೆಗೆ ಒಂದು ಎಳೆಯಷ್ಟು ಆಧಾರವಿದೆ. ಪಣಪುಳಿ ಹಣ್ಣಿನಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಕೊಬ್ಬು ತಯಾರಿಸುವ ಕಿಣ್ವವೊಂದನ್ನು ತಡೆಯುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡಿದೆ. ಮನುಷ್ಯರಲ್ಲಿ ನೋಡಿದಾಗ, 135 ಮಂದಿಯ ಮೇಲೆ 12 ವಾರ ನಡೆದ 1998ರ ಪ್ರಯೋಗದಲ್ಲಿ, ದಿನಕ್ಕೆ 1,500 ಮಿಲಿಗ್ರಾಂ ಆಮ್ಲ ತೆಗೆದುಕೊಂಡವರಿಗೂ ಔಷಧವಿಲ್ಲದ ಖಾಲಿ ಗುಳಿಗೆ ತೆಗೆದುಕೊಂಡವರಿಗೂ ತೂಕದಲ್ಲಿ ವ್ಯತ್ಯಾಸ ಬರಲಿಲ್ಲ. ಅಡುಗೆಗೆ ಹಾಕುವ ಚಮಚದ ಲೆಕ್ಕದ ಕಾಚಂಪುಳಿಯಿಂದ ತೊಂದರೆಯಿಲ್ಲ. ಅದೇ ಜಾತಿಯ ಹಣ್ಣಿನ ಸಾರವನ್ನು ಕ್ಯಾಪ್ಸೂಲಿನಲ್ಲಿ ತುಂಬಿ ತೂಕ ಇಳಿಸಲು ಮಾರುತ್ತಾರಲ್ಲ, ಅದರಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ದಾಖಲಾಗಿವೆ.

ಕಾಫಿಯ ವಿಷಯ ನಮ್ಮ ಜಿಲ್ಲೆಯಲ್ಲಿ ಹೆಚ್ಚು ಚರ್ಚೆಗೆ ಬರಬೇಕಿತ್ತು. ಕಾಫಿಬೀಜದ ಎಣ್ಣೆಯಲ್ಲಿ ಕೆಫೆಸ್ಟಾಲ್ ಎಂಬ ಅಂಶವಿದೆ, ಅದು ಎಲ್‌ಡಿಎಲ್ ಏರಿಸುತ್ತದೆ. ಪುಡಿಯನ್ನು ನೀರಿನಲ್ಲೇ ಕುದಿಸಿ, ತಳಕ್ಕೆ ಕೂರಲು ಬಿಟ್ಟು ಬಗ್ಗಿಸಿ ಕುಡಿಯುವ ಕಾಫಿಯಲ್ಲಿ ಅದು ಅತಿ ಹೆಚ್ಚು. ಕಾಗದದಲ್ಲೋ ಒತ್ತಾದ ಬಟ್ಟೆಯಲ್ಲೋ ಸೋಸಿದರೆ ಬಹುಪಾಲು ಅಲ್ಲೇ ಉಳಿಯುತ್ತದೆ. ಅರೇಬಿಕಾದಲ್ಲಿ ಹೆಚ್ಚು, ರೊಬಸ್ಟಾದಲ್ಲಿ ಕಡಿಮೆ. ದಿನಕ್ಕೆ ನಾಲ್ಕೈದು ಲೋಟ ಕುದಿಸಿದ ಅರೇಬಿಕಾ ಕುಡಿಯುವ ಹಿರಿಯರ ಎಲ್‌ಡಿಎಲ್ ಸ್ವಲ್ಪವೇ ಹೆಚ್ಚಿದ್ದರೆ, ಮಾತ್ರೆ ಹೆಚ್ಚಿಸುವ ಮೊದಲು ಒಂದೆರಡು ತಿಂಗಳು ಬಟ್ಟೆಯಲ್ಲಿ ಸೋಸಿ ಕುಡಿದು ನೋಡುವುದು ಅರ್ಥವಿರುವ ಪ್ರಯತ್ನ. ಹೃದಯಾಘಾತ ಆದವರು ಮಾತ್ರ ಹೀಗೆ ಕಾಯಬಾರದು. ಇನ್ನು ಬೆಲ್ಲ. ಲೋಟಕ್ಕೆ 15 ಗ್ರಾಂ ಎಂದರೆ ನಾಲ್ಕು ಲೋಟಕ್ಕೆ 60 ಗ್ರಾಂ. ಟ್ರೈಗ್ಲಿಸರೈಡಿನ ಮಟ್ಟಿಗೆ ಬೆಲ್ಲ ಸಕ್ಕರೆಯೇ. ಮೂರ್ನಾಲ್ಕು ಅಕ್ಕಿರೊಟ್ಟಿ, ಮಧ್ಯಾಹ್ನ ಅನ್ನ, ಸಂಜೆ ಬೆಲ್ಲದ ಕಾಫಿ, ರಾತ್ರಿ ಕಡಂಬುಟ್ಟು (ಅಕ್ಕಿತರಿಯ ಕಡುಬು), ಆಗೊಮ್ಮೆ ಈಗೊಮ್ಮೆ ಮನೆಯಲ್ಲಿ ಮಾಡಿದ ವೈನ್: ಎಲ್‌ಡಿಎಲ್ 100, ಟ್ರೈಗ್ಲಿಸರೈಡ್ 280, ಎಚ್‌ಡಿಎಲ್ 34 ಎಂಬಂಥ ವರದಿಗೆ ಸಾಮಾನ್ಯ ಕಾರಣ ಇದು. ಅಲ್ಲಿ ಮಾಂಸವನ್ನು ದೂರಿ ಪ್ರಯೋಜನವಿಲ್ಲ. ಕಡುಬು ನಾಲ್ಕರಿಂದ ಎರಡಕ್ಕೆ ಇಳಿಸಿ, ಆ ಜಾಗದಲ್ಲಿ ಕಾಳಿನ ಪಲ್ಯವೋ ಮೀನೋ ಬಂದರೆ ಕೆಲವೇ ವಾರಗಳಲ್ಲಿ ಟ್ರೈಗ್ಲಿಸರೈಡ್ ಇಳಿಯುತ್ತದೆ.

ಆದರೆ ಹಿರಿಯರ ಪ್ರೋಟೀನ್ ಕಡಿಯಬೇಡಿ. ಕಿಡ್ನಿ ಕಾಯಿಲೆ ಎಂದೊಡನೆ ಮೊಟ್ಟೆ, ಮಾಂಸ, ಬೇಳೆ ಎಲ್ಲ ನಿಲ್ಲಿಸಿ ಗಂಜಿಗೆ ಇಳಿಸುವ ಮನೆಗಳಿವೆ. ಕಿಲೋ ತೂಕಕ್ಕೆ ದಿನಕ್ಕೆ 0.8 ಗ್ರಾಂ, ಅಂದರೆ 60 ಕಿಲೋದವರಿಗೆ 48 ಗ್ರಾಂ, ಬೇಕೇ ಬೇಕು. ಬಡಕಲಾದವರಿಗೆ ಇನ್ನೂ ಹೆಚ್ಚು ಬೇಕಾಗಬಹುದು. ಸ್ನಾಯು ಕರಗಿದರೆ ಬೀಳುತ್ತಾರೆ, ಸೊಂಟದ ಮೂಳೆ ಮುರಿಯುತ್ತದೆ.

ಔಷಧಿಯೇ ಹಾನಿ ಮಾಡುವ ಕಡೆ

ಕೊಲೆಸ್ಟ್ರಾಲ್ ಇಳಿಯುತ್ತದೆಂದು ಬಿಂಬುಳಿ ರಸವನ್ನು ಗಟ್ಟಿಯಾಗಿ ಕುಡಿದವರ ಕಿಡ್ನಿ ದಿಢೀರನೆ ಸೋತ ಪ್ರಕರಣಗಳು ಕೇರಳದಿಂದ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಬಿಂಬುಳಿಯಲ್ಲಿ, ಅದರ ಹತ್ತಿರದ ನೆಂಟನಾದ ಧಾರೆಹುಳಿಯಲ್ಲಿ ಆಕ್ಸಲೇಟ್ ಹೇರಳ. ಅದು ಕಿಡ್ನಿಯ ನಳಿಕೆಗಳಲ್ಲಿ ಹರಳುಗಟ್ಟುತ್ತದೆ. ಮೀನಿನ ಸಾರಿಗೆ ಎರಡು ಕಾಯಿ ಹಾಕುವುದು ಬೇರೆ, ಬೆಳಗ್ಗೆ ಖಾಲಿ ಹೊಟ್ಟೆಗೆ ಲೋಟದಲ್ಲಿ ರಸ ಕುಡಿಯುವುದು ಬೇರೆ. ಹೃದಯ ಉಳಿಸಲು ಹೋಗಿ ಕಿಡ್ನಿ ಕಳೆದುಕೊಳ್ಳುವ ಇಂಥ ದುರಂತವನ್ನು ಪೂರ್ತಿ ತಪ್ಪಿಸಬಹುದು.

ಇದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿ ನಡೆಯುವುದು ಮಂಡಿನೋವಿನ ಮಾತ್ರೆಯ ಹಾನಿ. ಏರುತಗ್ಗಿನ ತೋಟದಲ್ಲಿ ಜೀವಮಾನವಿಡೀ ನಡೆದವರ ಮಂಡಿ ಸವೆದಿರುತ್ತದೆ, ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಐಬುಪ್ರೊಫೆನ್ ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಸಿಗುತ್ತವೆ. ಇವು ಕಿಡ್ನಿಗೆ ಹೋಗುವ ರಕ್ತನಾಳವನ್ನು ಬಿಗಿಯುತ್ತವೆ. ಬಿಪಿಗೆ ಕೊಡುವ ಟೆಲ್ಮಿಸಾರ್ಟನ್, ರಾಮಿಪ್ರಿಲ್ ಬಗೆಯ ಮಾತ್ರೆಗಳು ಕಿಡ್ನಿಯಿಂದ ಹೊರಬರುವ ನಾಳವನ್ನು ಸಡಿಲಿಸುತ್ತವೆ. ಮೂತ್ರ ಹೆಚ್ಚಿಸುವ ಮಾತ್ರೆ ದೇಹದ ನೀರನ್ನು ಇಳಿಸುತ್ತದೆ. ಮೂರೂ ಸೇರಿದರೆ ಶೋಧಕದಲ್ಲಿ ಒತ್ತಡವೇ ಉಳಿಯುವುದಿಲ್ಲ. ವಾಂತಿ-ಭೇದಿಯಾದ ದಿನ ಇದು ಇನ್ನೂ ಅಪಾಯ. ಅಂಥ ದಿನಗಳಲ್ಲಿ ಬಿಪಿ ಮಾತ್ರೆ, ಸಕ್ಕರೆ ಕಾಯಿಲೆಗೆ ಕೊಡುವ ಮೆಟ್ಫಾರ್ಮಿನ್, ಡಾಪಾಗ್ಲಿಫ್ಲೋಜಿನ್‌ಗಳಲ್ಲಿ ಯಾವುದನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕು ಎಂದು ಚೆನ್ನಾಗಿರುವಾಗಲೇ ಡಾಕ್ಟರಿಂದ ಬರೆಸಿಟ್ಟುಕೊಳ್ಳಿ. ಮಂಡಿಗೆ ಪ್ಯಾರಾಸಿಟಮಾಲ್, ಮೇಲೆ ಹಚ್ಚುವ ಮುಲಾಮು, ತೊಡೆಯ ಸ್ನಾಯುವಿನ ವ್ಯಾಯಾಮ ಮೊದಲ ದಾರಿ. ಮಳೆಗಾಲದಲ್ಲಿ ಹೊರಗೆ ನಡೆಯಲಾಗದಾಗ, ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದನ್ನು ಹತ್ತತ್ತು ಸಲ, ದಿನಕ್ಕೆ ಮೂರು ಹೊತ್ತು ಮಾಡಿದರೆ ಸ್ನಾಯು ಉಳಿಯುತ್ತದೆ.

ಬಿಪಿಗೆ ಒಳ್ಳೆಯದೆಂದು ಮಾರುವ 'ಕಡಿಮೆ ಸೋಡಿಯಂ' ಉಪ್ಪಿನಲ್ಲಿ ಪೊಟ್ಯಾಶಿಯಂ ಕ್ಲೋರೈಡ್ ಇರುತ್ತದೆ. ಕಿಡ್ನಿ ಸೋತವರು, ಟೆಲ್ಮಿಸಾರ್ಟನ್ ಅಥವಾ ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರು ಅದನ್ನು ಬಳಸಿದರೆ ರಕ್ತದಲ್ಲಿ ಪೊಟ್ಯಾಶಿಯಂ ಏರಿ ಹೃದಯ ನಿಲ್ಲುವ ಅಪಾಯವಿದೆ. ಅವರಿಗೆ ಮಾಮೂಲಿ ಉಪ್ಪೇ, ದಿನಕ್ಕೆ 5 ಗ್ರಾಂ ಒಳಗೆ. ಒಣಮೀನು, ಹಂದಿ ಉಪ್ಪಿನಕಾಯಿ, ಕಣಿಲೆ ಉಪ್ಪಿನಕಾಯಿಯ ಉಪ್ಪೂ ಆ ಲೆಕ್ಕದಲ್ಲೇ ಸೇರಬೇಕು.

ಮಾತ್ರೆಯ ಪ್ರಮಾಣ

ಸ್ಟ್ಯಾಟಿನ್ ಪ್ರಮಾಣ ಇಮ್ಮಡಿ ಮಾಡಿದರೆ ಎಲ್‌ಡಿಎಲ್ ಹೆಚ್ಚುವರಿಯಾಗಿ ಇಳಿಯುವುದು ಶೇ. 6ರಷ್ಟು ಮಾತ್ರ. ಎಜೆಟಿಮೈಬ್ 10 ಮಿಲಿಗ್ರಾಂ ಸೇರಿಸಿದರೆ ಶೇ. 20ರ ಹತ್ತಿರ ಇಳಿಯುತ್ತದೆ. ಹಿರಿಯರಲ್ಲಿ ಮಧ್ಯಮ ಪ್ರಮಾಣದ ಸ್ಟ್ಯಾಟಿನ್ ಜೊತೆ ಎಜೆಟಿಮೈಬ್ ಸೇರಿಸುವುದು ಎಷ್ಟೋ ಸಲ ಜಾಣತನ. ಅಟೊರ್ವಾಸ್ಟಾಟಿನ್‌ಗೆ ಕಿಡ್ನಿಯ ಲೆಕ್ಕದಲ್ಲಿ ಪ್ರಮಾಣ ತಗ್ಗಿಸಬೇಕಿಲ್ಲ. ರೋಸುವಾಸ್ಟಾಟಿನ್ ಹಾಗಲ್ಲ, ಇಜಿಎಫ್‌ಆರ್ 30ರ ಕೆಳಗಿದ್ದರೆ 5 ಮಿಲಿಗ್ರಾಂನಿಂದ ಆರಂಭಿಸಿ 10 ದಾಟಬಾರದು. ಶುರು ಮಾಡಿದ 4ರಿಂದ 12 ವಾರದೊಳಗೆ ಮತ್ತೆ ಪರೀಕ್ಷೆ.

ಮೈಕೈ ನೋವೆಂದು ಮಾತ್ರೆ ಬಿಡುವವರು ಬಹಳ. 2020ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ನೋವಿನಿಂದ ಸ್ಟ್ಯಾಟಿನ್ ಬಿಟ್ಟಿದ್ದ 60 ಮಂದಿಗೆ ಕೆಲವು ತಿಂಗಳು ಸ್ಟ್ಯಾಟಿನ್, ಕೆಲವು ತಿಂಗಳು ಖಾಲಿ ಗುಳಿಗೆ, ಕೆಲವು ತಿಂಗಳು ಏನೂ ಇಲ್ಲದೆ ನೋಡಿದರು. ನೋವಿನ ಸುಮಾರು ಶೇ. 90 ಭಾಗ ಖಾಲಿ ಗುಳಿಗೆಯಲ್ಲೂ ಬಂತು. ನೋವು ಸುಳ್ಳಲ್ಲ, ಕಾರಣ ಹೆಚ್ಚಾಗಿ ಬೇರೆ. ಆದರೆ ತೊಡೆ-ಭುಜ ಎರಡೂ ಕಡೆ ಬಲ ಕುಂದಿದರೆ, ಮೂತ್ರ ಕಪ್ಪು ಚಹಾದ ಬಣ್ಣವಾದರೆ ಅಂದೇ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಕ್ಲಾರಿತ್ರೊಮೈಸಿನ್ ಎಂಬ ಆಂಟಿಬಯಾಟಿಕ್ ಜೊತೆ ಅಟೊರ್ವಾಸ್ಟಾಟಿನ್ ಸೇರಿದಾಗ ಇಂಥದ್ದು ಆಗಬಹುದು, ಕೆಮ್ಮಿಗೆ ಚೀಟಿ ಬರೆಸುವಾಗ ಕೊಲೆಸ್ಟ್ರಾಲ್ ಮಾತ್ರೆಯ ಹೆಸರನ್ನೂ ಹೇಳಿ.

ಮೈಸೂರಿಗೆ 120 ಕಿಲೋಮೀಟರ್

ಕೊಡಗಿನಲ್ಲಿ ಈ ಲೆಕ್ಕಗಳಿಗೆ ಇನ್ನೊಂದು ತೂಕ ಸೇರುತ್ತದೆ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ., ರೈಲು ಮಾರ್ಗ ಇಲ್ಲ. ಹೃದಯಾಘಾತವಾದವರಿಗೆ ಬಲೂನು-ಸ್ಟೆಂಟ್ ಚಿಕಿತ್ಸೆ ಎರಡು ಗಂಟೆಯೊಳಗೆ ಸಿಗುವಂತಿಲ್ಲದಿದ್ದರೆ, ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಹತ್ತಿರದ ಆಸ್ಪತ್ರೆಯಲ್ಲೇ ಕೊಟ್ಟು ಆಮೇಲೆ ಕಳಿಸಬೇಕು ಎಂಬುದು ಒಪ್ಪಿತ ನಿಯಮ. ರಾಜ್ಯದ ಡಾ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ ಇದೇ ತತ್ವದ ಮೇಲೆ ನಿಂತಿದೆ: ತಾಲ್ಲೂಕು ಮಟ್ಟದಲ್ಲಿ ಇಸಿಜಿ, ದೂರದ ತಜ್ಞರಿಂದ ಓದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ. ಹಾಗಾಗಿ ಎದೆನೋವು ಬಂದೊಡನೆ ಕಾರಿನಲ್ಲಿ ಕೂರಿಸಿ ನೇರ ಮೈಸೂರಿಗೆ ಹೊರಡುವುದು ಅನೇಕ ವೇಳೆ ಅಮೂಲ್ಯ ಸಮಯದ ನಷ್ಟ. 108ಕ್ಕೆ ಕರೆ ಮಾಡಿ, ಇಸಿಜಿ ಇರುವ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಮೊದಲು ಹೋಗಿ.

ಹಿರಿಯರಲ್ಲಿ, ಅದರಲ್ಲೂ ಸಕ್ಕರೆ ಅಥವಾ ಕಿಡ್ನಿ ಕಾಯಿಲೆ ಇರುವವರಲ್ಲಿ, ಹೃದಯಾಘಾತ ಎದೆನೋವಿಲ್ಲದೆಯೂ ಬರುತ್ತದೆ. ಏಕಾಏಕಿ ಉಸಿರುಗಟ್ಟುವುದು, ತಣ್ಣನೆಯ ಬೆವರು, ಕಾರಣವಿಲ್ಲದ ಸುಸ್ತು, ಹೊಟ್ಟೆ ತೊಳಸುವುದು ಇಷ್ಟೇ ಇರಬಹುದು. ಗ್ಯಾಸ್ ಎಂದು ಓಮದ ನೀರು ಕೊಟ್ಟು ಬೆಳಗಾಗಲಿ ಎಂದು ಕಾಯಬಾರದು.

ಮನೆಯ ಬಾಗಿಲ ಬಳಿ, ಮಳೆಗೆ ನೆನೆಯದ ಪ್ಲಾಸ್ಟಿಕ್ ಕವರಿನಲ್ಲಿ ಮೂರು ಕಾಗದ ಇರಲಿ. ಚೆನ್ನಾಗಿದ್ದಾಗ ತೆಗೆಸಿದ ಇಸಿಜಿಯ ಜೆರಾಕ್ಸ್. ಹೊಸದನ್ನು ಹೋಲಿಸಿ ನೋಡಲು ಅದು ಬೇಕು. ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಹೆಸರು, ರಕ್ತ ತೆಳುವಾಗಿಸುವ ಮಾತ್ರೆಯಿದ್ದರೆ ಅದನ್ನು ಕೆಂಪು ಶಾಯಿಯಲ್ಲಿ ಬರೆದು. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವ ಮೊದಲು ಡಾಕ್ಟರು ಕೇಳುವ ಪ್ರಶ್ನೆ ಅದು. ಮೂರನೆಯದು ತಾರೀಖು ಸಮೇತ ಕೊನೆಯ ಕ್ರಿಯಾಟಿನಿನ್ ಮತ್ತು ಇಜಿಎಫ್‌ಆರ್. ಆಂಜಿಯೋಗ್ರಾಮಿನಲ್ಲಿ ಬಳಸುವ ಔಷಧ ಕಿಡ್ನಿಗೆ ಭಾರ, ಎಷ್ಟು ಬಳಸಬಹುದು ಎಂಬುದನ್ನು ಮೈಸೂರಿನ ಡಾಕ್ಟರು ಆ ಅಂಕಿಯನ್ನು ನೋಡಿಯೇ ತೀರ್ಮಾನಿಸುತ್ತಾರೆ.